ಎಣಿಸಿದರು, ಕೇಳಲಿಲ್ಲ

ಜಪಾನಿನ ಊರುಗಳು ಖಾಲಿಯಾಗುತ್ತಿರುವ ಬಗ್ಗೆ ಯಾರೇ ಬರೆಯಲಿ, 896 ಎಂಬ ಸಂಖ್ಯೆಯನ್ನು ಮುಟ್ಟದೆ ಮುಂದೆ ಹೋಗುವುದಿಲ್ಲ. 2040ರ ಹೊತ್ತಿಗೆ ಅಳಿವಿನ ಅಂಚಿಗೆ ಬರಬಹುದಾದ ಹಳ್ಳಿ, ಪಟ್ಟಣ, ನಗರಗಳ ಲೆಕ್ಕ ಅದು. ಕೊಟ್ಟವರು ಹಿರೋಯಾ ಮಸುದಾ. ಇವಾತೆ ಪ್ರಾಂತದ ಮಾಜಿ ಗವರ್ನರ್, ಕೆಲಕಾಲ ಕೇಂದ್ರದಲ್ಲಿ ಮಂತ್ರಿಯೂ ಆಗಿದ್ದವರು. ಅವರ ತಂಡ 2014ರ ಮೇ ತಿಂಗಳಲ್ಲಿ ಪಟ್ಟಿ ಹೊರಡಿಸಿತು. ಆಗಸ್ಟ್‌ನಲ್ಲಿ ಅದು 'ಚಿಹೋ ಶೋಮೆತ್ಸು', ಅಂದರೆ ನಾಡಿನ ಊರುಗಳ ಅಳಿವು, ಎಂಬ ಪುಸ್ತಕವಾಯಿತು. ಸೆಪ್ಟೆಂಬರ್‌ನಲ್ಲಿ ಅಬೆ ಸರ್ಕಾರ ಊರುಗಳ ಪುನಶ್ಚೇತನಕ್ಕೆಂದೇ ಹೊಸ ಖಾತೆ ತೆರೆದು ಶಿಗೇರು ಇಷಿಬಾ ಅವರನ್ನು ಮಂತ್ರಿ ಮಾಡಿತು. ದೇಶದ ಪ್ರತಿಯೊಂದು ಸ್ಥಳೀಯ ಸಂಸ್ಥೆಗೂ ನಿಮ್ಮ ನಿಮ್ಮ ಜನಸಂಖ್ಯೆಯ ಮುನ್ನೋಟ ಬರೆದು ಕೊಡಿ ಎಂಬ ಸೂಚನೆ ಹೋಯಿತು. ಒಂದು ಕಿರುಹೊತ್ತಗೆಗೆ ಇಷ್ಟು ಬೇಗ ಇಷ್ಟು ಫಲ ಸಿಕ್ಕ ಉದಾಹರಣೆ ಕಡಿಮೆ. ಹತ್ತು ವರ್ಷ ದಾಟಿದ ಮೇಲೂ ಅದರ ಗತ್ತು ಇಳಿದಿಲ್ಲ. ಆ ಗತ್ತು ಪುಸ್ತಕದ ಯೋಗ್ಯತೆಗೆ ಮೀರಿದ್ದು ಎಂಬುದು ನನ್ನ ಅಭಿಪ್ರಾಯ.

ಜಪಾನಿನ ಮುಪ್ಪು, ಇಳಿಯುತ್ತಲೇ ಇರುವ ಜನನ ಪ್ರಮಾಣ, ಟೋಕಿಯೊದ ಸೆಳೆತ, ಮುಚ್ಚಿದ ಶಾಲೆಗಳು, ಬೀಗ ಬಿದ್ದ ಮನೆಗಳು: ಇವನ್ನೆಲ್ಲ ಮತ್ತೆ ವಿವರಿಸಬೇಕಿಲ್ಲ. ಮಸುದಾ ಹೇಳುವ ಮೊದಲೂ ಇವು ಗೊತ್ತಿದ್ದವು. ಗ್ರಾಮಗಳ ಅವಸಾನದ ಬಗ್ಗೆ ಅಲ್ಲಿನ ಸಮಾಜಶಾಸ್ತ್ರಜ್ಞರು ಅದಕ್ಕೂ ಎರಡು ದಶಕ ಹಿಂದಿನಿಂದ ಬರೆಯುತ್ತಿದ್ದರು. ಮಸುದಾ ಹೊಸದಾಗಿ ತಂದದ್ದು ಒಂದೇ, ಒಂದು ಅಳತೆಗೋಲು. ಪುಸ್ತಕದ ಬಲವೂ ಅದೇ, ದೋಷವೂ ಅದೇ. ಹಾಗಾಗಿ ಅದನ್ನು ಕೈಗೆತ್ತಿಕೊಂಡು ನೋಡೋಣ.

ಕೋಲು ಇಷ್ಟೇ. 2010ರಲ್ಲಿ ಒಂದು ಊರಿನಲ್ಲಿ 20ರಿಂದ 39 ವರ್ಷದೊಳಗಿನ ಹೆಣ್ಣುಮಕ್ಕಳು ಎಷ್ಟಿದ್ದರು, 2040ಕ್ಕೆ ಎಷ್ಟು ಮಂದಿ ಇರುತ್ತಾರೆ? ಅರ್ಧದಷ್ಟು ಅಥವಾ ಇನ್ನೂ ಹೆಚ್ಚು ಕುಸಿಯುವುದಾದರೆ ಊರು ಪಟ್ಟಿಗೆ ಸೇರಿತು. ಈ ವಯಸ್ಸೇ ಏಕೆಂದರೆ, ಹುಟ್ಟುವ ಮಕ್ಕಳಲ್ಲಿ ನೂರಕ್ಕೆ 95ರಷ್ಟು ಈ ವಯಸ್ಸಿನ ತಾಯಂದಿರ ಮಕ್ಕಳು. ಅರ್ಧವೇ ಏಕೆಂಬುದಕ್ಕೂ ಪುಸ್ತಕದಲ್ಲಿ ಉತ್ತರವಿದೆ. ಈ ವಯಸ್ಸಿನವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಊರು ಬಿಡುತ್ತಿದ್ದರೆ, ಜನನ ಪ್ರಮಾಣ ನಾಳೆಯೇ 2ಕ್ಕೆ ಏರಿದರೂ ಮೂವತ್ತು ನಲವತ್ತು ವರ್ಷದಲ್ಲಿ ಅವರ ಸಂಖ್ಯೆ ಅರ್ಧವಾಗುತ್ತದೆ. ಅಂಥ ಊರು ಇದ್ದಷ್ಟೇ ಇರಬೇಕಾದರೆ ಜನನ ಪ್ರಮಾಣ 2.8, 2.9ಕ್ಕೆ ಏರಬೇಕು. ಅದು ಆಗದ ಮಾತು.

ಗಣಿತದಲ್ಲಿ ತಪ್ಪಿಲ್ಲ. ಆದರೆ ಅರ್ಧ ಎಂಬುದು ಲೆಕ್ಕಕ್ಕೆ ಒದಗಿದ ಗೆರೆಯೇ ಹೊರತು ಊರು ಸಾಯುವ ಗೆರೆಯಲ್ಲ. ಪಟ್ಟಿಯ ತುದಿಯಲ್ಲಿ ನಿಂತ ಊರನ್ನು ನೋಡಿ: ಗುನ್ಮಾ ಪ್ರಾಂತದ ಬೆಟ್ಟಗಳ ನಡುವಿನ ನಾನ್ಮೊಕು ಎಂಬ ಹಳ್ಳಿ. ಒಂದು ಕಾಲಕ್ಕೆ ಕೊನ್ಯಾಕು ಗೆಡ್ಡೆಯ ಬೆಳೆಗೆ ಹೆಸರಾಗಿತ್ತು. ಈಗ ಅಲ್ಲಿ ಮೂವರಲ್ಲಿ ಇಬ್ಬರಷ್ಟು ಮಂದಿ 65 ದಾಟಿದವರು. ಇಡೀ ದೇಶದಲ್ಲಿ ಅತ್ಯಂತ ಕೆಟ್ಟ ಕುಸಿತ ಇಲ್ಲಿಯದು ಎಂದು ಪಟ್ಟಿ ಹೇಳಿತು, 89.9 ಶೇಕಡಾ. ದಶಾಂಶ ಬಿಂದುವಿನವರೆಗೂ ಖಚಿತವಾದ ಈ ಅಂಕಿಯನ್ನು ಬಿಡಿಸಿದರೆ ಒಳಗೆ ಸಿಗುವುದು 99 ಮತ್ತು 10 ಎಂಬ ಎರಡು ಸಂಖ್ಯೆಗಳು. 2010ರಲ್ಲಿ ಆ ವಯಸ್ಸಿನ 99 ಹೆಣ್ಣುಮಕ್ಕಳಿದ್ದರು, 2040ಕ್ಕೆ 10 ಮಂದಿ ಉಳಿದಾರು. ಅಷ್ಟೇ.

ಈಗ ಗೆರೆಯಿಂದ ಆಚೆ ಬರಲು ನಾನ್ಮೊಕುವಿಗೆ ಏನು ಬೇಕು? 99ರ ಅರ್ಧ ದಾಟಲು 2040ರಲ್ಲಿ ಆ ವಯಸ್ಸಿನ 50 ಮಂದಿ ಇರಬೇಕು. ಅಂದಾಜಿಗಿಂತ 40 ಮಂದಿ ಹೆಚ್ಚು. ಅದಕ್ಕೆ ಸಿಗುವ ಕಾಲ 30 ವರ್ಷ. ಮೂರು ವರ್ಷಕ್ಕೆ ನಾಲ್ವರು, ಹೋಗುವವರಲ್ಲಿ ನಿಂತವರೋ, ಹೋಗಿ ತಿರುಗಿ ಬಂದವರೋ, ಹೊಸದಾಗಿ ಬಂದ ಕುಟುಂಬದ ಪುಟ್ಟ ಹುಡುಗಿಯರೋ. ಸುಲಭ ಎನ್ನುತ್ತಿಲ್ಲ. ಆದರೆ '89.9 ಶೇಕಡಾ' ಎಂದಾಗ ಕಾಣುವುದು ವಿಧಿ, 'ಮೂರು ವರ್ಷಕ್ಕೆ ನಾಲ್ವರು' ಎಂದಾಗ ಕಾಣುವುದು ಕೆಲಸ. ಪುಸ್ತಕ ಎಲ್ಲೆಡೆ ಮೊದಲ ಭಾಷೆಯನ್ನೇ ಆರಿಸಿಕೊಂಡಿತು. ಪತ್ರಿಕೆಗಳು ಅದನ್ನೇ ಎತ್ತಿಕೊಂಡವು.

ಅದೇ ಕೋಲು ಟೋಕಿಯೊದ ಒಳಗೇ ತೊಶಿಮಾ ವಾರ್ಡನ್ನೂ ಅಳೆಯಿತು. ಇಕೆಬುಕುರೊ ಎಂಬ ಭಾರಿ ರೈಲು ನಿಲ್ದಾಣವನ್ನು ಹೊಟ್ಟೆಯಲ್ಲಿಟ್ಟುಕೊಂಡ, ಲಕ್ಷಾಂತರ ಜನರ ತೊಶಿಮಾ 50.8 ಶೇಕಡಾ ಕುಸಿತದೊಂದಿಗೆ ಪಟ್ಟಿ ಸೇರಿತು. ಟೋಕಿಯೊದ 23 ವಾರ್ಡುಗಳಲ್ಲಿ ಆ ಭಾಗ್ಯ ಅದೊಂದಕ್ಕೇ. ಒಂದು ಶೇಕಡಾ ಆಚೀಚೆಯಾಗಿದ್ದರೆ ಅದು ಸುರಕ್ಷಿತ. ಹತ್ತು ವರ್ಷದ ಮೇಲೆ, 2024ರಲ್ಲಿ, ಮಸುದಾ ಅವರೂ ಇದ್ದ ಇನ್ನೊಂದು ಮಂಡಳಿ ಪಟ್ಟಿಯನ್ನು ಪರಿಷ್ಕರಿಸಿತು. 896 ಹೋಗಿ 744 ಆಯಿತು, 239 ಊರುಗಳು ಹೊರಬಂದವು. ಅವುಗಳಲ್ಲಿ ತೊಶಿಮಾವೂ ಒಂದು. ಹೊರಬಂದದ್ದೇ ತಡ, ಹೊರಗಿನ ಜನರನ್ನು ಸೆಳೆದುಕೊಂಡು ತಾನು ಮಕ್ಕಳನ್ನು ಹೆರದ 25 'ಕಪ್ಪುಕುಳಿ' ಊರುಗಳ ಸಾಲಿಗೆ ಅದನ್ನು ಸೇರಿಸಲಾಯಿತು. ಒಂದೇ ಜಾಗ, ಹತ್ತು ವರ್ಷದಲ್ಲಿ ಅಳಿಯುವ ಊರೂ ಆಯಿತು, ಉಳಿದ ಊರುಗಳನ್ನು ನುಂಗುವ ಊರೂ ಆಯಿತು. ಎರಡನ್ನೂ ಹೇಳಬಲ್ಲ ಕೋಲು ಊರಿನ ಬಗ್ಗೆ ಏನನ್ನೂ ಹೇಳುತ್ತಿಲ್ಲ.

ನ್ಯಾಯಕ್ಕಾಗಿ ಒಂದು ಮಾತು ಹೇಳಲೇಬೇಕು. ಸರ್ಕಾರಿ ಸಂಶೋಧನಾ ಸಂಸ್ಥೆಯ ಅಂದಾಜು, ಊರಿಂದ ಮಹಾನಗರಕ್ಕೆ ಹರಿಯುವ ವಲಸೆ ಕೆಲವೇ ವರ್ಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ ಎಂದು ಭಾವಿಸಿತ್ತು. ಆ ಊಹೆಯಲ್ಲಿ ಪಟ್ಟಿಗೆ ಬರುತ್ತಿದ್ದದ್ದು 373 ಊರುಗಳು. ವಲಸೆ ಇಳಿಯುವುದಿಲ್ಲ ಎಂದು ಮಸುದಾ ಹಿಡಿದರು, ಸಂಖ್ಯೆ 896 ಆಯಿತು. ಈ ಜಗಳದಲ್ಲಿ ಗೆದ್ದದ್ದು ಮಸುದಾ. 2020ರೊಳಗೆ ಟೋಕಿಯೊಗೆ ಬರುವವರನ್ನೂ ಬಿಡುವವರನ್ನೂ ಸಮ ಮಾಡುತ್ತೇವೆ ಎಂದು ಸರ್ಕಾರ ಗುರಿ ಇಟ್ಟಿತ್ತು. 2019ರಲ್ಲೂ ಟೋಕಿಯೊ ಮತ್ತು ಸುತ್ತಲಿನ ಮೂರು ಪ್ರಾಂತಗಳು 1.4 ಲಕ್ಷಕ್ಕೂ ಹೆಚ್ಚು ಜನರನ್ನು ನಿವ್ವಳವಾಗಿ ಸೆಳೆದವು. ಪುಸ್ತಕಕ್ಕೆ ಸಲ್ಲಬೇಕಾದ ಶ್ರೇಯ ಇದು. ಆದರೆ ವಲಸೆ ಇಳಿಯುವುದಿಲ್ಲ ಎಂದು ಖಚಿತವಾಗಿ ಗೊತ್ತಿದ್ದವರು ಏಕೆ ಇಳಿಯುವುದಿಲ್ಲ ಎಂಬ ಪ್ರಶ್ನೆಯನ್ನು ಎಷ್ಟು ಆಳಕ್ಕೆ ಒಯ್ದರು? ಉದ್ಯೋಗವಿಲ್ಲ, ಅದಕ್ಕೇ ಯುವಜನ ಹೋಗುತ್ತಾರೆ ಎಂಬಲ್ಲಿಗೆ ನಿಂತರು. ಅಳೆಯುವಾಗ ಹೆಣ್ಣುಮಕ್ಕಳು ಮಾತ್ರ, ಕಾರಣ ಹೇಳುವಾಗ ಬರೀ 'ಯುವಜನ'. ಈ ಜಾರಾಟವನ್ನು ಹೆಚ್ಚಿನ ವಿಮರ್ಶಕರು ಗಮನಿಸಿಲ್ಲ ಎಂಬುದೇ ನನ್ನ ತಕರಾರು.

ವಿಮರ್ಶಕರಿಗೇನೂ ಕೊರತೆ ಇರಲಿಲ್ಲ. ಪುಸ್ತಕ ಬಂದ ವರ್ಷವೇ ಸಮಾಜಶಾಸ್ತ್ರಜ್ಞ ಯೂಸುಕೆ ಯಾಮಾಶಿತಾ ಒಂದು ಪ್ರತಿಪುಸ್ತಕ ಬರೆದು ಇದನ್ನು ಬಲೆ ಎಂದು ಕರೆದರು. ಹಣವನ್ನೆಲ್ಲ ಪ್ರಾದೇಶಿಕ ಕೇಂದ್ರನಗರಗಳಲ್ಲಿ ಸುರಿದು, ಅವನ್ನು ಜನಪ್ರವಾಹ ತಡೆಯುವ ಅಣೆಕಟ್ಟು ಮಾಡಿ, ಚಿಕ್ಕ ಊರುಗಳನ್ನು ಕೈಬಿಡುವ ಹುನ್ನಾರವಿದು ಎಂಬುದು ಅವರ ವಾದ. ಮೇಜಿ ವಿಶ್ವವಿದ್ಯಾಲಯದ ತೊಕುಮಿ ಒದಗಿರಿ ಅದೇ ವರ್ಷ, ಹಳ್ಳಿಗಳು ಅಳಿಯುವುದಿಲ್ಲ ಎಂಬುದನ್ನೇ ತಲೆಬರಹವಾಗಿಟ್ಟು ಬರೆದರು. ನಗರ ಬಿಟ್ಟು ಹಳ್ಳಿಗೆ ಬರುವ ಯುವಕರ ಅಲೆ ಶುರುವಾಗಿದೆ, ಪಟ್ಟಿ ಅದನ್ನು ಕಾಣಲಿಲ್ಲ ಎಂದರು. ಶಿಮಾನೆ ಪ್ರಾಂತದ ಕೋ ಫುಜಿಯಾಮಾ ಇನ್ನೂ ನೆಲಕ್ಕಿಳಿದು, ವರ್ಷಕ್ಕೆ ಜನಸಂಖ್ಯೆಯ ಒಂದು ಶೇಕಡಾದಷ್ಟು ಮಂದಿ ಬಂದು ನೆಲೆಸಿದರೆ ಊರು ನಿಲ್ಲುತ್ತದೆ ಎಂದು ಲೆಕ್ಕ ಹಾಕಿಕೊಟ್ಟರು. ನಾನ್ಮೊಕುವಿನ ಬಗ್ಗೆ ಮೇಲೆ ಹಾಕಿದ ಲೆಕ್ಕ ಅವರ ದಾರಿಯದೇ.

ಇವರಲ್ಲಿ ಫುಜಿಯಾಮಾ ಹೆಚ್ಚು ಉಪಯೋಗಕ್ಕೆ ಬರುವವರು. ಯಾಮಾಶಿತಾ ಅವರ ಶಂಕೆಗೆ ಆಧಾರವಿದೆ. ಒದಗಿರಿ ಅವರೊಂದಿಗೆ ಮಾತ್ರ ನನಗೆ ಜಗಳ. ಅಂಕಿಯ ಎದುರು ಅವರು ನಿಲ್ಲಿಸುವುದು ಊರಿನ ಅಂತಃಸತ್ವವನ್ನು: ನೆರೆಹೊರೆಯ ಬಾಂಧವ್ಯ, ಒಟ್ಟಾಗಿ ಮಾಡುವ ಹಬ್ಬ, ಹೊಳೆ ಕಾಲುವೆಗಳ ಸಾಮೂಹಿಕ ದುರಸ್ತಿ. ಇವೆಲ್ಲ ನಿಜ. ಆದರೆ ಆ ಊರಸಭೆಯಲ್ಲಿ ಮನೆಯ ಪರವಾಗಿ ಕೂರುವವನು ಯಾರು, ಆ ಹಬ್ಬದ ಅಡುಗೆಮನೆಯಲ್ಲಿ ದಿನವಿಡೀ ನಿಲ್ಲುವವಳು ಯಾರು ಎಂದು ಕೇಳದೆ ಊರನ್ನು ಹೊಗಳಿದರೆ, ಹದಿನೆಂಟಕ್ಕೆ ಶಾಲೆ ಮುಗಿಸಿ ಊರು ಬಿಟ್ಟ ಹುಡುಗಿಗೆ ಅದು ಉತ್ತರವಾಗುವುದಿಲ್ಲ. ಮಸುದಾ ಅವಳನ್ನು ಅಂಕಿ ಮಾಡಿದರು, ಒದಗಿರಿ ಅವಳು ಬಿಟ್ಟುಹೋದ ಊರಿಗೆ ಆರತಿ ಎತ್ತಿದರು. ಇಬ್ಬರ ವಾದದ ನಡುಬಿಂದುವೂ ಅವಳಲ್ಲ.

ಮಸುದಾ ಪುಸ್ತಕದ ಕೊನೆಯಲ್ಲಿ ಸಂವಾದಗಳಿವೆ. ಒಂದು ಅರ್ಥತಜ್ಞ ಕೋಸುಕೆ ಮೊತಾನಿ ಅವರೊಂದಿಗೆ. ಇನ್ನೊಂದು ರಾಜಕಾರಣಿ ಶಿಂಜಿರೊ ಕೊಯಿಜುಮಿ ಮತ್ತು ಸುನಾಮಿಗೆ ಸಿಕ್ಕಿ ನಲುಗಿದ ಒನಾಗಾವಾ ಪಟ್ಟಣದ ಮೇಯರ್ ಯೊಶಿಯಾಕಿ ಸುದಾ ಅವರೊಂದಿಗೆ. ಮತ್ತೊಂದು ಕಾರ್ಮಿಕ ಅರ್ಥಶಾಸ್ತ್ರದ ಪ್ರಾಧ್ಯಾಪಕ ಯೊಶಿಯೊ ಹಿಗುಚಿ ಅವರೊಂದಿಗೆ. ನಾಲ್ವರೂ ತಿಳಿದವರು, ನಾಲ್ವರೂ ಗಂಡಸರು. ಇಡೀ ದೇಶದ ಊರುಗಳ ಅಳಿವು ಉಳಿವನ್ನು ಹೆಣ್ಣುಮಕ್ಕಳ ತಲೆ ಎಣಿಸಿ ತೀರ್ಮಾನಿಸಿದ ಪುಸ್ತಕದಲ್ಲಿ ಎದುರಿಗೆ ಕೂತು ಮಾತಾಡಿದ ಹೆಣ್ಣು ಒಬ್ಬಳೂ ಇಲ್ಲ. ಇದು ಸಣ್ಣ ಕೊರತೆಯಲ್ಲ, ಇಡೀ ವಿಧಾನದ ಕುರುಡು ಇಲ್ಲೇ ಹೊರಬಿದ್ದಿದೆ.

ಕೇಳಿದ್ದರೆ ಏನು ಸಿಗುತ್ತಿತ್ತು ಎಂಬುದಕ್ಕೆ ಊಹೆ ಬೇಕಿಲ್ಲ. ಹ್ಯೋಗೊ ಪ್ರಾಂತದ ತೊಯೊಕಾ, ಅಳಿದುಹೋಗಿದ್ದ ಕೊಕ್ಕರೆಯನ್ನು 2005ರಲ್ಲಿ ಮತ್ತೆ ಆಕಾಶಕ್ಕೆ ಬಿಟ್ಟು ಹೆಸರಾದ ಊರು. ಹದಿಹರೆಯದಲ್ಲಿ ಊರು ಬಿಟ್ಟವರಲ್ಲಿ ಇಪ್ಪತ್ತರ ಹರೆಯದಲ್ಲಿ ಎಷ್ಟು ಪಾಲು ಮರಳಿ ತುಂಬುತ್ತದೆ ಎಂದು ನಗರಸಭೆ ಗಂಡು ಹೆಣ್ಣು ಬೇರೆ ಮಾಡಿ ನೋಡಿತು. ಗಂಡಸರಲ್ಲಿ ಅರ್ಧದಷ್ಟು, ಹೆಂಗಸರಲ್ಲಿ ಕಾಲು ಭಾಗದಷ್ಟು. ಉದ್ಯೋಗದ ಕೊರತೆಯೊಂದೇ ಕಾರಣವಾಗಿದ್ದರೆ ಈ ಅಂತರ ಇರಬಾರದಿತ್ತು. ಅಂದಿನ ಮೇಯರ್ ಮುನೆಹಾರು ನಾಕಾಗಾಯಿ ಆ ಅಂತರವನ್ನೇ ಊರಿನ ಮೊದಲ ಸಮಸ್ಯೆ ಎಂದು ಹೆಸರಿಸಿದರು. ಕಚೇರಿ, ಕಾರ್ಖಾನೆ, ಊರಸಭೆಗಳಲ್ಲಿ ಹೆಣ್ಣಿನ ಸ್ಥಾನ ಬದಲಾಗದೆ ಅವರು ಬರುವುದಿಲ್ಲ ಎಂದರು. 2021ರಲ್ಲಿ ಅದಕ್ಕೊಂದು ಕಾರ್ಯನೀತಿಯನ್ನೂ ತಂದರು. ಅದೇ ವರ್ಷದ ಚುನಾವಣೆಯಲ್ಲಿ ಸೋತರು. ಫಲ ಏನು ಬಂತು ಎನ್ನುವುದಕ್ಕಿಂತ, ಪ್ರಶ್ನೆ ಸರಿಯಾಗಿತ್ತು ಎಂಬುದು ಮುಖ್ಯ. ಮಸುದಾ ಕೋಲಿಗೆ ಸಿಕ್ಕದ್ದು ತೊಯೊಕಾದ ಸರಳ ಭಾಗಾಕಾರಕ್ಕೆ ಸಿಕ್ಕಿತು. ತೊಶಿಮಾ ಕೂಡ ಪಟ್ಟಿಯ ಪೆಟ್ಟು ಬಿದ್ದ ಕೂಡಲೇ ಮಾಡಿದ್ದು ವಾರ್ಡಿನ ಹರೆಯದ ಹೆಂಗಸರ ಸಭೆ ಕರೆದು ನಿಮಗೆ ಏನು ಬೇಕು ಎಂದು ಕೇಳುವ ಕೆಲಸವನ್ನೇ.

ನಾವು ಇದನ್ನು ದೂರದ ಕಥೆ ಎಂದು ಓದಿ ಬದಿಗಿಡುವ ಹಾಗಿಲ್ಲ. 2001ರಿಂದ 2011ರ ನಡುವೆ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905ರಿಂದ 11,37,961ಕ್ಕೆ ಇಳಿಯಿತು. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಸುದ್ದಿಯಲ್ಲಿ ಬಂದದ್ದು ಹುಡುಗರ ಅಳಲು. ರೈತನ ಮನೆಗೆ ಬರಲೊಲ್ಲೆ ಎಂದ ಹುಡುಗಿಯರ ಎದುರು ಮೈಕು ಹಿಡಿದವರು ಅಪರೂಪ. ಇಂಥ ಪಟ್ಟಿಯೊಂದು ನಾಳೆ ನಮ್ಮಲ್ಲೂ ತಯಾರಾದರೆ, ತೀರ್ಥಹಳ್ಳಿ, ಶೃಂಗೇರಿಗಳ ಮುಂದೆ ಶೇಕಡಾವಾರು ಕುಸಿತ ಬರೆದು ಕೈತೊಳೆದುಕೊಳ್ಳುವುದು ಬಹಳ ಸುಲಭ.

ಹಾಗಾದರೆ 'ಚಿಹೋ ಶೋಮೆತ್ಸು' ಓದಬಾರದ ಪುಸ್ತಕವೇ? ಓದಬೇಕು. ಗಾಬರಿಯನ್ನು ಆಡಳಿತದ ಕೆಲಸವಾಗಿ ತಿರುಗಿಸುವ ಕಲೆ ಮಸುದಾ ಅವರಿಗೆ ಗೊತ್ತಿತ್ತು, ಅದು ಕಡಿಮೆ ಮಾತಲ್ಲ. ಆದರೆ ಅದನ್ನು ಊರುಗಳ ಭವಿಷ್ಯದ ಬಗ್ಗೆ ಕೊನೆಯ ಮಾತೆಂದು ಉಲ್ಲೇಖಿಸುವುದನ್ನು ನಿಲ್ಲಿಸಬೇಕು. ನಾನ್ಮೊಕುವಿನ 99 ಮಂದಿಯಲ್ಲಿ ಒಬ್ಬರನ್ನೂ ಮಾತಾಡಿಸದೆ ನಾನ್ಮೊಕು ಏಕೆ ಬರಿದಾಗುತ್ತಿದೆ ಎಂದು ಹೇಳುವ ಅಧಿಕಾರ ಯಾವ ಪಟ್ಟಿಗೂ ಇಲ್ಲ.