ಐದನೇ ಗೇರಿನ ಆಸೆ

ಷೆವ್ರೊಲೆ ಕಂಪನಿ 1947ರಿಂದ 1955ರ ಆರಂಭದವರೆಗೆ ಮಾರಿದ ‘ಅಡ್ವಾನ್ಸ್ ಡಿಸೈನ್’ ಟ್ರಕ್ಕುಗಳಲ್ಲಿ ಅರ್ಧ ಟನ್ನಿನ 3100 ಪಿಕಪ್ ಅಂದರೆ ಅಮೆರಿಕದ ಹಳೆಗಾಡಿ ಪ್ರಿಯರಿಗೆ ಈಗಲೂ ಬಲು ಅಕ್ಕರೆ. ದುಂಡು ಮೂತಿ, ಅಡ್ಡಪಟ್ಟಿಯ ಗ್ರಿಲ್, ಮರದ ಹಲಗೆ ಹಾಸಿದ ಹಿಂಬದಿ. ಇಂಥದೊಂದನ್ನು ಕೊಂಡು ತಂದವರಿಗೆ ಸಿಗುವ ಮೊದಲ ಉಪದೇಶ ಬಹುಮಟ್ಟಿಗೆ ಒಂದೇ. ಹಿಂದಿನ ಆಕ್ಸಲ್ ಬಿಚ್ಚಿ ಎಸೆಯಿರಿ, ಜೊತೆಗೆ ಗೇರ್ ಬಾಕ್ಸನ್ನೂ. ಎಂಬತ್ತರ ದಶಕದ ಎಸ್-10 ಪಿಕಪ್ಪಿನಿಂದ ಐದು ಗೇರಿನ ಟಿ5 ತಂದು ಕೂರಿಸಿ, ಹಿಂದಕ್ಕೆ ಹೊಸ ಕಾಲದ ಆಕ್ಸಲ್ ಹಾಕಿಸಿ, ಹೈವೇಯಲ್ಲಿ ಹಾಯಾಗಿ ಓಡಿಸಿ. ಈ ಮಾತಿಗೆ ಎದುರಾಡುವವರು ಒಂದು ಬೋಲ್ಟೂ ಬದಲಾಗಕೂಡದು ಎನ್ನುವ ಮಡಿವಂತರು ಮಾತ್ರ. ಅವರ ವಾದ ನನ್ನದಲ್ಲ. ದುಡಿಯಲೆಂದೇ ಹುಟ್ಟಿದ ಗಾಡಿಗೆ ಮಡಿ ಎಲ್ಲಿಯದು? ಬದಲಾವಣೆಯ ಪಕ್ಷದಲ್ಲಿ ನಿಂತುಕೊಂಡೇ ಹೇಳುತ್ತೇನೆ: ಈ ಜೋಡಿ ಬದಲಾವಣೆ, ಅದನ್ನು ಮಾಡಿಸುವ ಹೆಚ್ಚಿನವರಿಗೆ, ಬೇಡದ ಕೆಲಸ.

ಕಾಯಿಲೆಯೇನೋ ನಿಜ. 1954ಕ್ಕೆ ಮುಂಚಿನ 3100ರ ಕ್ರೌನ್ ಪಿನಿಯನ್ನಿನ ಅನುಪಾತ 4.11. ಹಿಂಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ನಾಲ್ಕು ಸುತ್ತು ದಾಟಿರುತ್ತದೆ. ಟೈರಿನ ವ್ಯಾಸ 28 ಅಂಗುಲವೆಂದು ಹಿಡಿದರೆ ಚಕ್ರ ಮೈಲಿಗೆ ಸುಮಾರು 720 ಸುತ್ತು ತಿರುಗುತ್ತದೆ. ಗಂಟೆಗೆ 55 ಮೈಲಿ, ಅಂದರೆ 88 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ 2,700 ಸುತ್ತಿನ ಮೇಲಿರುತ್ತದೆ. ಇವತ್ತಿನ ಎಂಜಿನ್ನಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಬಾನೆಟ್ ಕೆಳಗಿರುವುದು 216 ಘನ ಅಂಗುಲದ, ಸುಮಾರು 90 ಅಶ್ವಶಕ್ತಿಯ ಹಳೆಯ ಆರು ಸಿಲಿಂಡರಿನದು. ಅದರ ಕನೆಕ್ಟಿಂಗ್ ರಾಡುಗಳ ಬೇರಿಂಗು ಎರಕ ಹೊಯ್ದ ಬ್ಯಾಬಿಟ್ ಲೋಹದ್ದು. ಆ ಬೇರಿಂಗಿಗೆ ಎಣ್ಣೆ ಒತ್ತಡದಲ್ಲಿ ಬರುವುದಿಲ್ಲ. ರಾಡಿನ ಬುಡದ ಪುಟ್ಟ ಸೌಟು ಎಣ್ಣೆಯನ್ನು ತಾನೇ ಮೊಗೆದುಕೊಳ್ಳಬೇಕು. ಅಂತರರಾಜ್ಯ ಹೆದ್ದಾರಿಗಳ ಕಾಯ್ದೆ ಬಂದದ್ದು 1956ರಲ್ಲಿ. ಈ ಟ್ರಕ್ಕು ಅದಕ್ಕೂ ಮುಂಚಿನದು. ಹೊಲದಿಂದ ಊರಿಗೆ, ಊರಿನಿಂದ ರೈಲ್ವೆ ಸ್ಟೇಷನ್ನಿಗೆ ಹೋಗಿಬರಲು ಮಾಡಿದ್ದು. ಹೈವೇಯಲ್ಲಿ ಅದರ ಅರಚಾಟ ಕೇಳಿ ಮಾಲೀಕರ ಎದೆ ಹೊಡೆದುಕೊಳ್ಳುವುದು ಸಹಜವೇ.

ಆದರೆ ಕಾಯಿಲೆ ಇರುವುದು ಆಕ್ಸಲ್ಲಿನ ಹಲ್ಲಿನ ಲೆಕ್ಕದಲ್ಲಿ. ಗೇರ್ ಬಾಕ್ಸ್ ಏನು ತಪ್ಪು ಮಾಡಿತ್ತು? ಅದರ ಮೂರನೇ ಗೇರು ನೇರ ಗೇರು. ಎಂಜಿನ್ ತಿರುಗಿದಷ್ಟೇ ಶಾಫ್ಟೂ ತಿರುಗುತ್ತದೆ. ಅದನ್ನೂ ಕಿತ್ತುಹಾಕುವ ಪ್ರಮೇಯ ಬರುವುದು ಟಾರ್ಕ್ ಟ್ಯೂಬಿನಿಂದ. ಈ ಗಾಡಿಯಲ್ಲಿ ಪ್ರೊಪೆಲ್ಲರ್ ಶಾಫ್ಟ್ ಕಣ್ಣಿಗೆ ಬೀಳುವುದಿಲ್ಲ, ಒಂದು ದಪ್ಪ ಉಕ್ಕಿನ ಕೊಳವೆಯೊಳಗೆ ಅಡಗಿರುತ್ತದೆ. ಕೊಳವೆಯ ಹಿಂತುದಿ ಆಕ್ಸಲ್ ಹೌಸಿಂಗಿಗೆ ಬಿಗಿಯಾಗಿ ಬೋಲ್ಟ್ ಆಗಿದೆ. ಮುಂತುದಿ ಗೇರ್ ಬಾಕ್ಸಿನ ಬೆನ್ನಿಗೆ ಒಂದು ಗುಂಡಾದ ಕೀಲಿನಲ್ಲಿ ಸೇರುತ್ತದೆ. ಶಾಫ್ಟಿಗಿರುವುದು ಒಂದೇ ಕ್ರಾಸ್, ಅದೂ ಆ ಕೀಲಿನೊಳಗೇ. ಚಕ್ರ ಗಾಡಿಯನ್ನು ಮುಂದೂಡುವ ಬಲ ಈ ಕೊಳವೆಯ ಮೂಲಕ ಗೇರ್ ಬಾಕ್ಸಿಗೆ, ಅಲ್ಲಿಂದ ಬೆಲ್ ಹೌಸಿಂಗಿನ ಎರಡು ಪಕ್ಕದ ಮೌಂಟಿಂಗುಗಳಿಗೆ, ಅಲ್ಲಿಂದ ಚಾಸಿಗೆ. ಆಕ್ಸಲ್ ತಿರುಚಿಕೊಳ್ಳದಂತೆ ಹಿಡಿದಿಡುವುದೂ ಈ ಕೊಳವೆಯೇ. ಹೀಗಾಗಿ ಬೇರೆ ಗಾಡಿಯ ಆಕ್ಸಲ್ ತಂದ ಕೂಡಲೇ ಕೊಳವೆ ಹೋಗುತ್ತದೆ. ಕೊಳವೆ ಹೋದರೆ ಹಳೆಯ ಗೇರ್ ಬಾಕ್ಸಿನ ಬಾಲಕ್ಕೆ ಬಯಲಿನ ಶಾಫ್ಟ್ ಜೋಡಿಸಲು ಜಾಗವೇ ಇಲ್ಲ. ಅದೂ ಹೋಗುತ್ತದೆ. ಎರಡು ಕೆಲಸ ಒಂದಾದದ್ದು ಹೀಗೆ, ಬೇರೆ ದಾರಿಯಿಲ್ಲದೆ. ಆ ಅನಿವಾರ್ಯವನ್ನೇ ‘ಐದು ಗೇರು ಸಿಕ್ಕಿತಲ್ಲ’ ಎಂದು ಲಾಭದ ಕಡೆ ಬರೆದುಕೊಳ್ಳುತ್ತಾರೆ.

ಖರ್ಚಿನ ಕಡೆ ಬರೆಯಬೇಕಾದ್ದು ಬಹಳವಿದೆ. ಉದ್ದದ ಟಿ5 ತೂಗಾಡದಂತೆ ಚಾಸಿಗೆ ಹೊಸ ಅಡ್ಡತೊಲೆ ಬೇಕು. ಸ್ಟೀರಿಂಗ್ ಕಂಬದಲ್ಲಿದ್ದ ಗೇರ್ ಲಿವರ್ ಹೋಗಿ ನೆಲದಲ್ಲಿ ತೂತು ಬೀಳುತ್ತದೆ. ಆಕ್ಸಲ್ಲಿನ ತಿರುಚುಬಲವನ್ನು ಇನ್ನು ಮೇಲೆ ಲೀಫ್ ಸ್ಪ್ರಿಂಗುಗಳೇ ಹೊರಬೇಕು. ಸ್ಪ್ರಿಂಗ್ ಕೂರುವ ಪೀಠಗಳನ್ನು ಬೆಸುಗೆ ಹಾಕುವಾಗ ಗೇರ್ ಬಾಕ್ಸಿನ ಹಿಂತುದಿಯೂ ಪಿನಿಯನ್ನಿನ ಮೂತಿಯೂ ಸಮಾನಾಂತರವಾಗಿರಬೇಕು. ಒಂದೆರಡು ಡಿಗ್ರಿ ಹೆಚ್ಚುಕಡಿಮೆಯಾದರೂ ಶಾಫ್ಟ್ ನಡುಗಿ ಕ್ರಾಸ್ ತಿನ್ನತೊಡಗುತ್ತದೆ. 3100ರ ಚಕ್ರಕ್ಕೆ ಆರು ಬೋಲ್ಟು, ತಂದ ಆಕ್ಸಲ್ಲಿಗೆ ಸಾಮಾನ್ಯವಾಗಿ ಐದು. ಮುಂದಕ್ಕೊಂದು, ಹಿಂದಕ್ಕೊಂದು ಸ್ಟೆಪ್ನಿ ಹೊರಬೇಕು, ಇಲ್ಲವೇ ಮುಂದಿನ ಹಬ್ಬುಗಳನ್ನೂ ಬದಲಿಸಬೇಕು. ಎರಡನೆಯದನ್ನು ಆರಿಸಿಕೊಂಡವರು ಸ್ವಲ್ಪ ದಿನದಲ್ಲೇ ಮುಂದಿನ ಆಕ್ಸಲ್ ಇಡಿಯಾಗಿ ಬಿಚ್ಚಿರುತ್ತಾರೆ.

ಇಷ್ಟೆಲ್ಲ ಮಾಡಿ ಬಂದದ್ದೇನು? ಆಕ್ಸಲ್ 3.73, ಐದನೇ ಗೇರು 0.76 ಎಂದಿಟ್ಟುಕೊಳ್ಳೋಣ. ಅದೇ 55 ಮೈಲಿಗೆ ಎಂಜಿನ್ 1,900ಕ್ಕಿಂತ ಕೆಳಗಿಳಿಯುತ್ತದೆ. ಕಿವಿಗೆ ಇಂಪು, ಸಮತಟ್ಟಿನಲ್ಲಿ ಎಲ್ಲವೂ ಚೆನ್ನ. ಸಣ್ಣ ಏರು ಬರಲಿ, ಎದುರುಗಾಳಿ ಬೀಸಲಿ, ಗೋಡೆಯಂತೆ ನಿಂತ ಆ ಮೂತಿಯನ್ನು ತಳ್ಳಲು ಎಂಜಿನ್ ಏದುಸಿರು ಬಿಡುತ್ತದೆ. ಚಾಲಕನೋ ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತುತ್ತಾನೆ. ಐದನೇ ಗೇರಿಗೆಂದು ಅಷ್ಟು ಸುರಿದಿದ್ದಾನಲ್ಲ! ಕಡಿಮೆ ಸುತ್ತು, ತುಂಬು ಭಾರ: ಬ್ಯಾಬಿಟ್ ಬೇರಿಂಗಿಗೆ ಇದಕ್ಕಿಂತ ಕೆಟ್ಟದ್ದು ಕಡಿಮೆ. ಯಾವುದನ್ನು ಉಳಿಸಲು ಹೊರಟರೋ ಅದನ್ನೇ ಸದ್ದಿಲ್ಲದೆ ಜಜ್ಜುತ್ತಿರುತ್ತಾರೆ. ಇನ್ನೊಂದು ತುದಿಯಲ್ಲಿ, ಎಸ್-10ರ ಕೆಲವು ಟಿ5ಗಳ ಮೊದಲ ಗೇರು 4.03. 3.73ರ ಜೊತೆ ಗುಣಿಸಿದರೆ 15. ಹಳೆಯ ಗೇರ್ ಬಾಕ್ಸಿನ 2.94ನ್ನು 4.11ರಿಂದ ಗುಣಿಸಿದರೆ 12. ಖಾಲಿ ಪಿಕಪ್ಪಿನಲ್ಲಿ ಆ ಹೊಸ ಮೊದಲ ಗೇರು ಹಾಕಿದ ಮರುಕ್ಷಣವೇ ಎರಡನೆಯದಕ್ಕೆ ಕೈ ಹೋಗಬೇಕು. ಐದು ಗೇರು ಕೊಂಡು ನಾಲ್ಕರಲ್ಲಿ ಬಾಳುವೆ.

ಪರಿಹಾರ ಆ ಕಾಲದ್ದೇ ಇದೆ. ಷೆವ್ರೊಲೆ 1950ರಲ್ಲಿ ಪವರ್‌ಗ್ಲೈಡ್ ಎಂಬ ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಕಾರು ತಂದಾಗ ಹಿಂದಕ್ಕೆ 3.55ರ ಕ್ರೌನ್ ಪಿನಿಯನ್ ಕೊಟ್ಟಿತು. ಸ್ವಲ್ಪ ಉಜ್ಜಿ ಸರಿಮಾಡಿದರೆ ಆ ಜೋಡಿ 3100ರ ಹೌಸಿಂಗಿನೊಳಗೆ ಕೂರುತ್ತದೆ. ಅದನ್ನು ಹೊಸದಾಗಿ ಮಾಡಿಸಿ ಮಾರುವವರೂ ಇದ್ದಾರೆ. ಕೊಳವೆ ಉಳಿಯಿತು, ಗೇರ್ ಬಾಕ್ಸ್ ಉಳಿಯಿತು, ಆರು ಬೋಲ್ಟಿನ ಚಕ್ರವೂ ಉಳಿಯಿತು. 55 ಮೈಲಿಗೆ ಎಂಜಿನ್ ಸುಮಾರು 2,350ರಲ್ಲಿ ನಿಲ್ಲುತ್ತದೆ. ಅದು ಆ ಎಂಜಿನ್ನಿಗೆ ಹೊರೆಯೂ ಅಲ್ಲ, ತೂಕಡಿಕೆಯೂ ಅಲ್ಲ. ಕಷ್ಟ ಇಲ್ಲವೆಂದಲ್ಲ. ಭಾರ ಹೇರಿಕೊಂಡು ಏರಿನಲ್ಲಿ ಹೊರಡುವಾಗ ಕ್ಲಚ್ ತುಸು ಹೆಚ್ಚು ಸವೆಯುತ್ತದೆ, ಎರಡನೇ ಗೇರಿನಿಂದ ಮೂರನೆಯದಕ್ಕೆ ಜಿಗಿಯುವ ಅಂತರವೂ ದೊಡ್ಡದೆನಿಸುತ್ತದೆ. ಆದರೆ ಈ ಟ್ರಕ್ಕುಗಳಲ್ಲಿ ಈಗ ಸಿಮೆಂಟ್ ಮೂಟೆ ಹೇರುವವರು ಎಷ್ಟು ಜನ?

ಇದನ್ನು ಹೇಳಿದರೆ ಬರುವ ಉತ್ತರ: 55 ಸಾಲದು, ನಮಗೆ 70 ಬೇಕು. ಅಲ್ಲಿಗೆ ಚರ್ಚೆ ಗೇರಿನದಾಗಿ ಉಳಿಯುವುದಿಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, 1951ಕ್ಕೆ ಮುಂಚಿನದಾದರೆ ಆಮೇಲೆ ಬಂದ ಬೆಂಡಿಕ್ಸ್ ಮಾದರಿಯದೂ ಅಲ್ಲ, ಹಳೆಯ ಹಕ್ ಮಾದರಿಯದು. ನೆಲದಡಿ ಕೂತ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದು; ಎಲ್ಲಿ ಒಂದು ಪೈಪು ಸೋರಿದರೂ ನಾಲ್ಕೂ ಚಕ್ರದ ಬ್ರೇಕು ಹೋದಂತೆ. ವೇಗ 45 ಮೈಲಿಯಿಂದ 65ಕ್ಕೆ ಏರಿದರೆ ಬ್ರೇಕು ಅರಗಿಸಬೇಕಾದ ಶಕ್ತಿ ಇಮ್ಮಡಿ ದಾಟುತ್ತದೆ. ಗಾಡಿ ಬೇಗ ಓಡಲೆಂದು ಖರ್ಚು ಮಾಡಿ, ನಿಲ್ಲಿಸುವುದನ್ನು ಮುಂದಿನ ವರ್ಷದ ಪಟ್ಟಿಗೆ ಹಾಕುವ ಕ್ರಮವೇ ತಲೆಕೆಳಗು. ಈ ಗಾಡಿಯ 4.11 ಅನುಪಾತ ಅದರ ಬ್ರೇಕಿಗೂ ಕಿಂಗ್‌ಪಿನ್ನಿನ ಮುಂದಿನ ಆಕ್ಸಲ್ಲಿಗೂ ಸರಿಯಾಗಿ ಹಾಕಿದ ಕಡಿವಾಣವಾಗಿತ್ತು.

ನಮ್ಮಲ್ಲಿಯೂ ಈ ಮಾತಿಗೆ ಒಂದು ಕೊಂಡಿಯಿದೆ. ಜನರಲ್ ಮೋಟರ್ಸ್ 1928ರಿಂದ 1954ರವರೆಗೆ ಮುಂಬೈಯಲ್ಲೇ ಗಾಡಿ ಜೋಡಿಸುತ್ತಿದ್ದುದರಿಂದ ಹಳೆಯ ಷೆವ್ರೊಲೆಗಳು ಈ ದೇಶಕ್ಕೆ ಅಪರಿಚಿತವಲ್ಲ. ಕೇಂದ್ರ ಸರ್ಕಾರ 2021ರಲ್ಲಿ ತಂದ ವಿಂಟೇಜ್ ವಾಹನ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿ ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ಗೇರ್ ಬಾಕ್ಸ್, ಆಕ್ಸಲ್ಲುಗಳ ಹೆಸರನ್ನು ಅದು ಎತ್ತಿಲ್ಲ. ಇದನ್ನೇ ಸಡಿಲವೆಂದು ಹಿಡಿದು ಟಿ5 ಕೂರಿಸಲು ಹೊರಟರೆ ಆ ಅಡ್ಡತೊಲೆಗಾಗಿ ಚಾಸಿಗೇ ಡ್ರಿಲ್ ಇಡಬೇಕಾಗುತ್ತದೆ. ಹೌಸಿಂಗಿನೊಳಗೆ ಬದಲಾದ ಕ್ರೌನ್ ಪಿನಿಯನ್ನಿಗೆ ಆ ತಾಪತ್ರಯವಿಲ್ಲ.

ಹಾಗಾದರೆ ಜೋಡಿ ಬದಲಾವಣೆ ಯಾರಿಗೂ ಬೇಡವೇ? ಬೇಕಾದವರಿದ್ದಾರೆ. 1954ರಲ್ಲಿ ಅರ್ಧ ಟನ್ನಿನ ಗಾಡಿಗೂ ಬಂದ 235 ಎಂಜಿನ್ ರಾಡ್ ಬೇರಿಂಗಿಗೆ ಒತ್ತಡದಲ್ಲಿ ಎಣ್ಣೆ ಕಳಿಸುತ್ತದೆ. ಅಂಥ ಎಂಜಿನ್ ಇದ್ದು, ಬ್ರೇಕನ್ನು ಮೊದಲೇ ಸರಿಮಾಡಿಸಿ, ರಾಜ್ಯದಿಂದ ರಾಜ್ಯಕ್ಕೆ ನಿಜಕ್ಕೂ ಓಡಿಸುವವರಿಗೆ ಐದನೇ ಗೇರು ದುಡಿದು ಕೊಡುತ್ತದೆ. ಅವರು ಮಾಡಿಸಲಿ. ಸ್ಪ್ರಿಂಗ್ ಪೀಠಗಳ ಪೂರ್ತಿ ಬೆಸುಗೆಯನ್ನು ಮಾತ್ರ ಗಾಡಿ ಜಾಕಿನ ಮೇಲಿರುವಾಗ ಹಾಕಿಸಬಾರದು; ನಾಲ್ಕೂ ಚಕ್ರ ನೆಲಕ್ಕೂರಿ, ಹಿಂಬದಿಯ ಭಾರವೆಲ್ಲ ಸ್ಪ್ರಿಂಗಿನ ಮೇಲೆ ಬಿದ್ದಾಗ ಪಿನಿಯನ್ನಿನ ಕೋನ ಅಳೆದು, ಚುಕ್ಕಿ ಬೆಸುಗೆಯಲ್ಲಿ ಹಿಡಿಸಿ, ಆಮೇಲೆ ಆಕ್ಸಲ್ ಕೆಳಗಿಳಿಸಿ ಮುಗಿಸಬೇಕು.