ಸರದಿ ತಪ್ಪಿದ ಸಾವು: ಕುಂದಾಪುರ ಪರಿಸರದ ಯಕ್ಷಗಾನದಲ್ಲಿ ತಮ್ಮನ ಸ್ಮರಣೆ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳನ್ನೊಳಗೊಂಡ ಪ್ರದೇಶವು ಬಡಗುತಿಟ್ಟು ಯಕ್ಷಗಾನದ ಮುಖ್ಯ ನೆಲೆಗಳಲ್ಲೊಂದು. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸೌಕೂರು, ಕೋಟದ ಅಮೃತೇಶ್ವರಿ, ಸಾಲಿಗ್ರಾಮ ಮೊದಲಾದ ಮೇಳಗಳು ಇಲ್ಲಿನ ರಾತ್ರಿಗಳನ್ನು ತುಂಬಿವೆ. ಈ ಪರಿಸರದ ಶೋಭಾನೆ ಪದಗಳು, ಜೋಗುಳಗಳು, ನೆಟ್ಟಿಯ ಹಾಡುಗಳು, ಕುಡುಬಿಯರ ಹೋಳಿಪದಗಳು ವಿದ್ವಾಂಸರ ಗಮನವನ್ನು ಸೆಳೆದಿವೆ. ಆದರೆ ಸಾವಿಗೆ ಸಂಬಂಧಿಸಿದ ಅಭಿವ್ಯಕ್ತಿಗೆ ದೊರೆತ ಗಮನ ಕಡಿಮೆ. ಅದರಲ್ಲಿಯೂ ಗಂಡಸರ ದುಃಖಕ್ಕೆ ದೊರೆತದ್ದು ಇನ್ನೂ ಕಡಿಮೆ. ಅಣ್ಣನಾದವನು ತನಗಿಂತ ಮೊದಲು ಹೋದ ತಮ್ಮನನ್ನು ಈ ನೆಲದಲ್ಲಿ ಯಾವ ರೂಪದಲ್ಲಿ ನೆನೆಯುತ್ತಾನೆ, ಆ ರೂಪವು ಸತ್ತವನಿಗೆ ಎಷ್ಟರ ಮಟ್ಟಿಗೆ ನ್ಯಾಯ ಸಲ್ಲಿಸುತ್ತದೆ ಎಂಬುದನ್ನು ಕೆಲವು ಪ್ರಸಂಗಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಲೇಖಕನೂ ತಮ್ಮನೊಬ್ಬನನ್ನು ಕಳೆದುಕೊಂಡವನಾದುದರಿಂದ ಇಲ್ಲಿ ಪೂರ್ಣ ತಾಟಸ್ಥ್ಯವನ್ನು ಹೇಳಿಕೊಳ್ಳುವಂತಿಲ್ಲ.

ಸಾವಿನ ಮನೆಯಲ್ಲಿ ಹೆಂಗಸರಿಗೆ ಒಂದು ಭಾಷೆಯಿದೆ. ಸತ್ತವನ ಗುಣಗಳನ್ನು ಒಂದೊಂದಾಗಿ ಹೇಳಿಕೊಂಡು ಅವರು ಅಳುತ್ತಾರೆ. ಆ ಅಳುವಿಗೆ ಲಯವಿದೆ, ಸಂಬೋಧನೆಯಿದೆ, ನಡುವೆ ಉಸಿರೆಳೆದುಕೊಳ್ಳುವ ನಿಲುಗಡೆಯಿದೆ. ಅದೇ ಹೊತ್ತಿಗೆ ಗಂಡಸರು ಮಾವಿನ ಮರ ಕಡಿಸುವುದಕ್ಕೆ, ದೂರದ ನೆಂಟರಿಗೆ ಹೇಳಿಕಳುಹಿಸುವುದಕ್ಕೆ, ಬೊಜ್ಜದ ದಿನ ಗೊತ್ತುಮಾಡುವುದಕ್ಕೆ ಓಡಾಡುತ್ತಿರುತ್ತಾರೆ. ಅಣ್ಣನ ದುಃಖವು ಕೆಲಸದಲ್ಲಿ ಕರಗಬೇಕೆಂಬುದು ಇಲ್ಲಿನ ಅಲಿಖಿತ ನಿಯಮ. ಮಹಾಲಯದ ತರ್ಪಣದಲ್ಲಿ ಸೋದರನಿಗೂ ಎಳ್ಳುನೀರು ಸಲ್ಲುತ್ತದೆ, ನಿಜ. ಆದರೆ ಅಲ್ಲಿ ಇರುವುದು ಹೆಸರು ಮತ್ತು ಗೋತ್ರ ಮಾತ್ರ. ಹೀಗಾಗಿ ಅಣ್ಣನೊಬ್ಬ ತಮ್ಮನಿಗಾಗಿ ಹತ್ತು ಜನರೆದುರು ಬಾಯಿಬಿಟ್ಟು ಮಾತನಾಡಬಹುದಾದ ತಾಣ ಈ ಪ್ರದೇಶದಲ್ಲಿ ಬಹುಕಾಲ ಒಂದೇ ಆಗಿತ್ತು. ಅದು ಆಟದ ರಂಗಸ್ಥಳ. ಅಲ್ಲಿ ರಾವಣನು ಕುಂಭಕರ್ಣನಿಗಾಗಿ, ಕೌರವನು ದುಶ್ಶಾಸನನಿಗಾಗಿ, ರಾಮನು ಲಕ್ಷ್ಮಣನಿಗಾಗಿ ಮಾತನಾಡುತ್ತಾರೆ. ಸುತ್ತ ಕುಳಿತ ಅಣ್ಣಂದಿರು ಅದನ್ನು ಕೇಳುತ್ತಾರೆ.

ಈ ಕೇಳುಗರ ಕುಟುಂಬ ವ್ಯವಸ್ಥೆಯನ್ನು ಗಮನಿಸದೆ ಮುಂದುವರಿಯುವುದು ಸರಿಯಲ್ಲ. ನಾಡವರು, ಮೊಗವೀರರು, ಬಿಲ್ಲವರು ಮೊದಲಾದ ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿಯಿತ್ತು. 1949ರ ಮದರಾಸು ಅಳಿಯಸಂತಾನ ಕಾಯಿದೆ, ಅನಂತರ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳು ಆಸ್ತಿಯ ಕ್ರಮವನ್ನು ಬದಲಿಸಿದರೂ ಬಂಧುತ್ವದ ಭಾವನೆ ಅಷ್ಟು ಬೇಗ ಬದಲಾಗಲಿಲ್ಲ. ಈ ಪದ್ಧತಿಯಲ್ಲಿ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರೇ ಒಂದು ಕುಟುಂಬ. ತಂದೆ ಒಬ್ಬನೇ ಆಗಿ ತಾಯಂದಿರು ಬೇರೆಯಾದರೆ ಕುಟುಂಬವೂ ಬೇರೆ. ವಾಲ್ಮೀಕಿಯ ರಾಮನು ಸುಮಿತ್ರೆಯ ಮಗನನ್ನು 'ಸಹೋದರ' ಎಂದು ಕರೆದುದು ವ್ಯಾಖ್ಯಾನಕಾರರಿಗೆ ತೊಡಕಾಗಿ ಕಂಡಿತ್ತು. ನಮ್ಮ ಪ್ರೇಕ್ಷಕನಿಗೆ ಅದು ವ್ಯಾಕರಣದ ತೊಡಕಲ್ಲ, ಮನೆಯ ಲೆಕ್ಕಾಚಾರದ ಪ್ರಶ್ನೆ. ಬೇರೆ ಹೊಟ್ಟೆಯ ತಮ್ಮನು ಒಡಹುಟ್ಟಿದವನಿಗಿಂತ ಹೆಚ್ಚಾದನೆಂಬುದು ಅವನಿಗೆ ಅಸಾಧಾರಣ ಸಂಗತಿ. ಅಲ್ಲದೆ ಯಜಮಾನನಾದ ಹಿರಿಯನ ಮಾತಿನಂತೆ ಗದ್ದೆ ತೋಟಗಳಲ್ಲಿ ದುಡಿಯುವವನು ತಮ್ಮ. ಅಕ್ಕತಂಗಿಯರ ಮಕ್ಕಳಿಗೆ ಸೋದರಮಾವನೂ ಅವನೇ. ಒಬ್ಬ ತಮ್ಮನ ಸಾವು ಮನೆಯಲ್ಲಿ ಏಕಕಾಲಕ್ಕೆ ಎರಡು ಮೂರು ಸ್ಥಾನಗಳನ್ನು ಬರಿದುಮಾಡುತ್ತದೆ.

ರಾಮಾಯಣದ ಪ್ರಸಂಗಗಳಲ್ಲಿ ಹೆಚ್ಚಿನವನ್ನು ಪಾರ್ತಿಸುಬ್ಬನ ಹೆಸರಿನಲ್ಲಿ ಗುರುತಿಸಲಾಗಿದೆ. ಈ ಸುಬ್ಬನು ಅಜಪುರದ, ಎಂದರೆ ಬ್ರಹ್ಮಾವರದ, ಕವಿಯೆಂದು ಶಿವರಾಮ ಕಾರಂತರು ವಾದಿಸಿದ್ದರು. ಮುಳಿಯ ತಿಮ್ಮಪ್ಪಯ್ಯ ಮತ್ತು ಕುಕ್ಕಿಲ ಕೃಷ್ಣ ಭಟ್ಟರು ಅವನನ್ನು ಕುಂಬಳೆಯವನೆಂದು ಎತ್ತಿಹಿಡಿದರು. ಆ ಚರ್ಚೆ ಇಲ್ಲಿ ಅಪ್ರಸ್ತುತ. ನಮಗೆ ಮುಖ್ಯವಾದುದು ಕುಂಭಕರ್ಣ ಕಾಳಗದ ಕಥಾಸಂವಿಧಾನ. ನಿದ್ರಿಸುತ್ತಿದ್ದ ತಮ್ಮನನ್ನು ಎಬ್ಬಿಸಿದವನು ರಾವಣ. ಎದ್ದ ತಮ್ಮ ಮೊದಲು ಬುದ್ಧಿ ಹೇಳುತ್ತಾನೆ. ಅಣ್ಣ ಒಪ್ಪದಿದ್ದಾಗ ಆ ಅಣ್ಣನಿಗಾಗಿಯೇ ಯುದ್ಧಕ್ಕೆ ಹೋಗಿ ಸಾಯುತ್ತಾನೆ. ಅವನ ಸಾವಿನ ಸುದ್ದಿ ಕೇಳಿದ ರಾವಣನಿಗೆ ತಾನು ಹೊರಗಟ್ಟಿದ ಮತ್ತೊಬ್ಬ ತಮ್ಮನ, ವಿಭೀಷಣನ, ನೆನಪಾಗುತ್ತದೆ. ಸತ್ತ ತಮ್ಮನ ಶೋಕದೊಳಗೆ ಬದುಕಿರುವ ತಮ್ಮನ ಬಗೆಗಿನ ಪಶ್ಚಾತ್ತಾಪ ಸೇರಿಕೊಳ್ಳುವ ಈ ಘಟ್ಟವನ್ನು ನಮ್ಮ ಅರ್ಥಧಾರಿಗಳು ಸಾಲದಷ್ಟು ಮಾತ್ರ ಬಳಸಿಕೊಂಡಿದ್ದಾರೆ. ಕುಂಭಕರ್ಣನ ಬಣ್ಣದ ವೇಷದ ಅಬ್ಬರ, ಎಬ್ಬಿಸುವ ಸನ್ನಿವೇಶದ ಹಾಸ್ಯ ಇವೆರಡೂ ಮುಗಿಯುವಷ್ಟರಲ್ಲಿ ರಾತ್ರಿ ಬಹಳ ಕಳೆದಿರುತ್ತದೆ. ರಾವಣನ ಪಾಲಿಗೆ ಉಳಿಯುವುದು ಒಂದೆರಡು ಪದ್ಯಗಳ ಅವಸರ.

ಕೌರವನ ವಿಷಯದಲ್ಲಿ ಯಕ್ಷಗಾನವು ಕನ್ನಡದ ಪ್ರೌಢ ಕಾವ್ಯಕ್ಕೆ ಋಣಿಯಾಗಿದೆ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ರನ್ನನು ತನ್ನ 'ಗದಾಯುದ್ಧ'ದಲ್ಲಿ ದುರ್ಯೋಧನನನ್ನು ರಣಭೂಮಿಯಲ್ಲಿ ನಡೆಸುತ್ತಾ ದುಶ್ಶಾಸನನ ಹೆಣದೆದುರು ನಿಲ್ಲಿಸುತ್ತಾನೆ. ಅಲ್ಲಿ ಅಣ್ಣನ ದೂರು ಬಹಳ ವಿಚಿತ್ರವಾದುದು: ಹುಟ್ಟಿನಿಂದ ಎಲ್ಲದರಲ್ಲೂ ತನ್ನ ಹಿಂದೆಯೇ ಬಂದವನು ಸಾವಿನಲ್ಲಿ ಮಾತ್ರ ಸರದಿ ತಪ್ಪಿಸಿದನಲ್ಲಾ ಎಂಬುದು. ಓದಿಕೊಂಡ ಅರ್ಥಧಾರಿಗಳು ಗದಾಪರ್ವದ ಕೌರವನ ಮಾತಿಗೆ ಈ ಭಾವವನ್ನು ತರುವುದುಂಟು. ಅದು ಹೊಂದುವುದಕ್ಕೆ ಕಾರಣವಿದೆ. ಸರದಿ ಎಂಬುದು ಈ ಪ್ರದೇಶದ ಕೂಡುಮನೆಯ ಬದುಕಿನ ಒಳಗುಟ್ಟು. ಊಟದ ಪಂಕ್ತಿಯಿಂದ ಹಿಡಿದು ಮದುವೆಯವರೆಗೆ ಹಿರಿಯ, ಅನಂತರ ಕಿರಿಯ. ಆದರೆ ಒಂದು ಅಂಶವನ್ನು ಅನೇಕರು ಮುಟ್ಟದೆ ಬಿಡುತ್ತಾರೆ. ದುಶ್ಶಾಸನನ ಎದೆ ಬಗೆಯುವುದಕ್ಕೆ ಕಾರಣವಾದ ಕೃತ್ಯ, ಸಭೆಯಲ್ಲಿ ದ್ರೌಪದಿಯ ಸೀರೆ ಸೆಳೆದದ್ದು, ಅಣ್ಣನ ಮಾತಿಗೆ ಕಟ್ಟುಬಿದ್ದು ನಡೆದದ್ದು. ಕೌರವನ ದುಃಖವನ್ನು ಕೇವಲ ವೀರನ ವಿಲಾಪವಾಗಿ ಹೇಳಿ, 'ಕೈ ನಿನ್ನದು, ಮಾತು ನನ್ನದು' ಎಂಬ ನೆಲೆಗೆ ಒಯ್ಯದಿದ್ದರೆ ಆ ದೃಶ್ಯ ಅರ್ಧಕ್ಕೇ ನಿಂತಂತೆ.

ಈ ಎರಡೂ ಪ್ರಸಂಗಗಳಲ್ಲಿ ಸಮಾನವಾದ ಒಂದು ರಚನೆ ಕಾಣುತ್ತದೆ. ತಮ್ಮನ ಸಾವಿಗೆ ಅಣ್ಣನ ಮಾತೇ ಕಾರಣ. ಆದುದರಿಂದ ತಮ್ಮನನ್ನು ನೆನೆಯುವುದೆಂದರೆ ಅಣ್ಣನು ತನ್ನ ತಪ್ಪನ್ನು ಎಣಿಸುವುದೇ ಆಗುತ್ತದೆ. ತಮ್ಮನು ಮಾತು ಮೀರದವನಾಗಿ ಮಾತ್ರ ಉಳಿಯುತ್ತಾನೆ. ಅವನಿಗೆ ಸ್ವಂತದ ಇಷ್ಟವಿತ್ತೇ, ಅಣ್ಣನಿಗೆ ತಿಳಿಯದ ಒಂದು ಬದುಕು ಇತ್ತೇ ಎಂಬ ಪ್ರಶ್ನೆಗಳಿಗೆ ಇಲ್ಲಿ ಎಡೆಯಿಲ್ಲ. ವಿಧೇಯತೆಯ ಹೊಗಳಿಕೆಯಲ್ಲಿ ಸತ್ತವನ ಮುಖ ಮಸುಕಾಗುತ್ತದೆ. ಇದು ನಮ್ಮ ಪರಂಪರೆಯ ಮಿತಿಯೆಂದು ನಾನು ಭಾವಿಸುತ್ತೇನೆ.

ಈ ಮಿತಿಯನ್ನು ಮೀರಿದ ಪ್ರಸಂಗವೆಂದರೆ 'ಶ್ರೀರಾಮ ನಿರ್ಯಾಣ'. ಉತ್ತರಕಾಂಡದ ಕಥೆ ಎಲ್ಲರಿಗೂ ಪರಿಚಿತ. ಕಾಲಪುರುಷನೊಡನೆ ರಾಮನು ಏಕಾಂತದಲ್ಲಿದ್ದಾನೆ. ನಡುವೆ ಒಳಬಂದವನಿಗೆ ಮರಣವೆಂಬ ಮಾತು ಕೊಟ್ಟಾಗಿದೆ. ಬಾಗಿಲಲ್ಲಿ ಲಕ್ಷ್ಮಣನ ಕಾವಲು. ಆಗಲೇ ದೂರ್ವಾಸರ ಆಗಮನ. ತಡೆದರೆ ವಂಶಕ್ಕೇ ಶಾಪ. ಎಲ್ಲರ ನಾಶಕ್ಕಿಂತ ತನ್ನೊಬ್ಬನ ಸಾವು ಲೇಸೆಂದು ಲಕ್ಷ್ಮಣ ಒಳಹೋಗುತ್ತಾನೆ. ಜೀವಮಾನವಿಡೀ ಅಣ್ಣನ ಮಾತಿಗೆ ನಡೆದುಕೊಂಡವನು ಒಂದೇ ಒಂದು ಸಲ ಅದನ್ನು ಮೀರಿದ. ಆ ಮೀರುವಿಕೆಗಾಗಿಯೇ ಅವನನ್ನು ತ್ಯಜಿಸಬೇಕಾಗಿ ಬಂತು. ಸಾಧುಗಳಿಗೆ ತ್ಯಾಗವೂ ವಧೆಯೂ ಸಮಾನವೆಂಬ ವಸಿಷ್ಠರ ಸಲಹೆ ಶಿಕ್ಷೆಯ ಹೆಸರನ್ನು ಬದಲಿಸಿತೇ ಹೊರತು ಫಲವನ್ನಲ್ಲ. ಲಕ್ಷ್ಮಣ ಸರಯೂ ತೀರಕ್ಕೆ ಹೋಗಿ ಉಸಿರು ಕಟ್ಟುತ್ತಾನೆ.

ಕುಂಭಕರ್ಣ, ದುಶ್ಶಾಸನರಿಗೆ ಇಲ್ಲದ ಒಂದು ಕ್ಷಣ ಇಲ್ಲಿ ತಮ್ಮನಿಗೆ ದೊರೆತಿದೆ. ಬಾಗಿಲಲ್ಲಿ ನಿಂತು ತಾನೇ ತೀರ್ಮಾನಿಸುವ ಕ್ಷಣ. ದುರ್ದೈವವೆಂದರೆ, ನಾನು ನೋಡಿದ ಪ್ರದರ್ಶನಗಳಲ್ಲಿ ಬಹುಪಾಲು ಈ ಕ್ಷಣವನ್ನು ದೂರ್ವಾಸರ ಸಿಟ್ಟಿಗೆ ಬಲಿಕೊಟ್ಟಿವೆ. ದೂರ್ವಾಸನ ಪಾತ್ರಕ್ಕೆ ಹೆಸರಾಂತ ವೇಷಧಾರಿ ಬಂದರೆ ಪ್ರೇಕ್ಷಕರು ಆ ಕೋಪಕ್ಕಾಗಿಯೇ ಕಾಯುತ್ತಾರೆ. ಲಕ್ಷ್ಮಣನ ನಿರ್ಧಾರ ಎರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಅನಂತರ ರಾಮನ ಸರದಿ. ಉತ್ತರ ಕನ್ನಡದ ಕೆರೆಮನೆ ಶಂಭು ಹೆಗಡೆಯವರು (1938-2009) ಈ ಪ್ರಸಂಗದ ರಾಮನಾಗಿ ಹೆಸರಾದವರು. ಅವರ ಪ್ರಭಾವ ಗಂಗೊಳ್ಳಿ ಹೊಳೆಯ ಈಚೆಗೂ ಇದೆ. ರಾಮನ ಅರ್ಥದಲ್ಲಿ ಎರಡು ದಾರಿಗಳನ್ನು ಗುರುತಿಸಬಹುದು. ಒಂದು, ತಮ್ಮನ ಸೇವೆಯ ಪಟ್ಟಿ: ಹದಿನಾಲ್ಕು ವರ್ಷ ನಿದ್ದೆಗೆಟ್ಟದ್ದು, ಪರ್ಣಕುಟಿ ಕಟ್ಟಿದ್ದು, ಶಕ್ತ್ಯಾಯುಧಕ್ಕೆ ಎದೆಯೊಡ್ಡಿದ್ದು. ಇದು ಸಾವಿನ ಮನೆಯ ಹೆಂಗಸರ ಅಳುವಿನ ಮಾದರಿಗೆ ಹತ್ತಿರವಾದುದು, ಕಣ್ಣೀರು ತರಿಸುತ್ತದೆ. ಇನ್ನೊಂದು, ತಮ್ಮನ ತೀರ್ಮಾನವನ್ನು ಅರ್ಥಮಾಡಿಕೊಳ್ಳುವ ಯತ್ನ: ನೀನು ನನ್ನನ್ನು ಕೇಳದೆ ಲೆಕ್ಕ ಹಾಕಿದೆ, ನಿನ್ನ ಲೆಕ್ಕ ಸರಿಯಾಗಿತ್ತು, ಆದರೆ ಆ ಲೆಕ್ಕದಲ್ಲಿ ನಾನು ಉಳಿಯುವವರ ಕಡೆಗೆ ಸೇರಿಹೋದೆ ಎಂಬಂಥ ಮಾತು. ಎರಡನೆಯ ದಾರಿಯನ್ನು ಹಿಡಿದವರು ವಿರಳ. ಹಿಡಿದಾಗ ಸಭೆ ಅಳುವುದಿಲ್ಲ, ಸುಮ್ಮನಾಗುತ್ತದೆ. ಚೆಂಡೆ ನಿಂತು ಮದ್ದಳೆ ಮಾತ್ರ ಉಳಿದಿರುವ ಹೊತ್ತಿನಲ್ಲಿ, ಭಾಗವತರು ನೀಲಾಂಬರಿಯಂಥ ರಾಗವನ್ನು ಎಳೆದು ಬಿಟ್ಟ ಮೇಲೆ, ಆ ಮೌನವನ್ನು ತುಂಬಲು ಆತುರಪಡದ ರಾಮನೇ ಒಳ್ಳೆಯ ರಾಮ. ಶೋಕವೆಂದರೆ ಉದ್ದವಾಗಿ ಮಾತನಾಡುವುದೆಂಬ ಭ್ರಮೆ ಇತ್ತೀಚಿನ ರಂಗಸ್ಥಳವನ್ನು ಆವರಿಸಿಕೊಂಡಿದೆ.

ಪುರಾಣದಿಂದ ಚರಿತ್ರೆಗೆ ಬಂದರೆ, ಕರಾವಳಿಯು 1990ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಇಬ್ಬರು ತರುಣರನ್ನು ರಸ್ತೆಯಲ್ಲಿ ಕಳೆದುಕೊಂಡಿತು. ಬ್ರಹ್ಮಾವರ ಸಮೀಪದ ಗುಂಡ್ಮಿಯ ಭಾಗವತ ಕಾಳಿಂಗ ನಾವಡರು (ಜನನ 1958) ತಿರುಗಾಟ ಮುಗಿಯುವ ಮೇ ತಿಂಗಳಲ್ಲಿ, ಮೂವತ್ತೆರಡು ತುಂಬುವ ಮೊದಲೇ, ಅಪಘಾತದಲ್ಲಿ ತೀರಿಕೊಂಡರು. ಹೊನ್ನಾವರ ಮೂಲದ ನಟ, ನಿರ್ದೇಶಕ ಶಂಕರ್ ನಾಗ್ (ಜನನ 1954) ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತಕ್ಕೆ ಬಲಿಯಾದರು. ಇವರಿಬ್ಬರೂ ಲಕ್ಷ್ಮಣನ ಮೊದಲರ್ಧದಂತೆ ಯಾರ ಹಿಂದೆಯೂ ನಡೆದವರಲ್ಲ. ನಾವಡರು ಭಾಗವತರಾದ ತಂದೆ ರಾಮಚಂದ್ರ ನಾವಡರ ಮಗ, ನಾರಣಪ್ಪ ಉಪ್ಪೂರರ ಶಿಷ್ಯ. ಆದರೂ ಬಡಗಿನ ಗಾಯನಕ್ಕೆ ಹೊಸ ರಾಗಗಳನ್ನು ತಂದು, 'ನಾಗಶ್ರೀ'ಯಂಥ ಹೊಸ ಪ್ರಸಂಗವನ್ನು ಬರೆದು ಡೇರೆ ಮೇಳದ ದಿಕ್ಕನ್ನೇ ಬದಲಿಸಿದರು. ಅದನ್ನು ಒಪ್ಪದ ಹಿರಿಯರಿದ್ದರು. ಅವರ ಆಕ್ಷೇಪಗಳಲ್ಲಿ ಕೆಲವು ಇಂದಿಗೂ ಸಾಧುವಾಗಿವೆಯೆಂಬುದು ನನ್ನ ಅಭಿಪ್ರಾಯ. ಕಾಲ್ಪನಿಕ ಪ್ರಸಂಗಗಳ ಮಹಾಪೂರದಲ್ಲಿ ಅರ್ಥಗಾರಿಕೆ ತೆಳುವಾದುದು ಸುಳ್ಳಲ್ಲ.

ಶಂಕರ್ ನಾಗ್ ಅವರ ಅಣ್ಣ ಅನಂತನಾಗ್ ಅವರು ಬರೆದ ಪುಸ್ತಕದ ಹೆಸರು 'ನನ್ನ ತಮ್ಮ ಶಂಕರ'. 'ಮಿಂಚಿನ ಓಟ' (1980) ನಿರ್ದೇಶಿಸಿದ, 'ಮಾಲ್ಗುಡಿ ಡೇಸ್' ಮೂಲಕ ದೇಶಕ್ಕೇ ಪರಿಚಿತನಾದ ವ್ಯಕ್ತಿಯನ್ನು ಮೂರು ಪದಗಳಲ್ಲಿ ಮನೆಯೊಳಕ್ಕೆ ಕರೆದುಕೊಳ್ಳುವ ಶೀರ್ಷಿಕೆ ಅದು. ಲೋಕದ ಶಂಕರನಾಗಿ ಕೊನೆಯಲ್ಲಿ ಉಳಿದರೂ ಮೊದಲು 'ನನ್ನ', ಅನಂತರ 'ತಮ್ಮ'. ಗಂಡಸಿನ ಶೋಕಕ್ಕೆ ಅರ್ಥಗಾರಿಕೆಯ ಹೊರಗೆ, ಗದ್ಯದಲ್ಲಿ, ಮುದ್ರಿತ ರೂಪ ದೊರೆತ ನಿದರ್ಶನಗಳಲ್ಲಿ ಇದು ಮುಖ್ಯವಾದುದೆಂದು ಜಾನಪದ ವಿದ್ಯಾರ್ಥಿಗಳೂ ಗಮನಿಸಬೇಕು. ರಂಗಸ್ಥಳದ ಅಣ್ಣನಿಗೆ ವೇಷದ ಮರೆಯಿರುತ್ತದೆ. ಅವನು ರಾವಣನಾಗಿ ಅಳುತ್ತಾನೆ. ಪುಸ್ತಕ ಬರೆಯುವ ಅಣ್ಣನಿಗೆ ಆ ಮರೆಯಿಲ್ಲ.

ನಾವಡರ ಸ್ಮರಣೆ ಬೇರೆ ದಾರಿ ಹಿಡಿಯಿತು. ಧ್ವನಿಸುರುಳಿಗಳು ಮನೆಮನೆಗಳಲ್ಲಿ ಉಳಿದವು. ಅವರ ಹೆಸರಿನ ಪ್ರಶಸ್ತಿಗಳು ಬಂದವು. ಎಲ್ಲಕ್ಕಿಂತ ಮಿಗಿಲಾಗಿ ಅವರನ್ನು ಕಣ್ಣಾರೆ ಕಾಣದ ತಲೆಮಾರಿನ ಭಾಗವತರು 'ನಾವಡರ ಶೈಲಿ'ಯಲ್ಲಿ ಹಾಡತೊಡಗಿದರು. ಈ ಅನುಕರಣೆಯನ್ನು ವಿಮರ್ಶಕರು ಸಾಮಾನ್ಯವಾಗಿ ಸ್ವಂತಿಕೆಯ ಕೊರತೆಯೆಂದು ಬದಿಗೆ ಸರಿಸುತ್ತಾರೆ. ಆದರೆ ಸಾಲಿಗ್ರಾಮ, ಕೋಟ, ತೆಕ್ಕಟ್ಟೆಗಳ ವಯಸ್ಸಾದ ಪ್ರೇಕ್ಷಕರು ಅದನ್ನು ಕೇಳುವ ಬಗೆಯೇ ಬೇರೆ. ನಾವಡರಿಗಿಂತ ಹಿರಿಯರಾದ ಈ ಕೇಳುಗರಿಗೆ ಅವರು ಎಂದೂ ಗುರುವಲ್ಲ. ಊರಿನ ಮಾಣಿ, ತಮ್ಮನ ಸಾಲಿನವನು. ಎಳೆಯ ಭಾಗವತನೊಬ್ಬ ಆ ಏರುಸ್ವರವನ್ನು ಹಿಡಿದಾಗ ಅವರು ತಲೆದೂಗುವುದರಲ್ಲಿ ಸಂಗೀತದ ಮೆಚ್ಚುಗೆಯಷ್ಟೇ ಇರುವುದಿಲ್ಲ. ಅಣ್ಣಂದಿರ ತಪ್ಪೊಪ್ಪಿಗೆಯಿಲ್ಲದೆ, ವಿಧೇಯತೆಯ ಹೊಗಳಿಕೆಯಿಲ್ಲದೆ, ಸತ್ತವನ ಸ್ವಂತ ದಾರಿಯ ಮೂಲಕವೇ ಅವನನ್ನು ನೆನೆಯುವ ಒಂದು ಕ್ರಮ ಇಲ್ಲಿ ತಾನಾಗಿ ರೂಪುಗೊಂಡಿದೆ.

ಆದರೆ ಸ್ವರಕ್ಕೆ ದೊರೆತ ಈ ಭಾಗ್ಯ ಮಾತಿಗೆ ದೊರೆತಿಲ್ಲ. ಮುದ್ರಿತ ಪ್ರಸಂಗ ಪುಸ್ತಕಗಳಲ್ಲಿರುವುದು ಪದ್ಯಗಳು ಮಾತ್ರ. ರಾವಣ, ಕೌರವ, ರಾಮರ ಬಾಯಿಂದ ಅಣ್ಣಂದಿರ ಶೋಕವಾಗಿ ಹೊರಬಂದ ಅರ್ಥವು ಆಯಾ ಬೆಳಗಿನೊಡನೆ ಮುಗಿದುಹೋಗುತ್ತದೆ. ಈಚಿನ ದೃಶ್ಯ ಮುದ್ರಣಗಳು ಹೆಚ್ಚಾಗಿ ಕುಣಿತ ಮತ್ತು ಏರುಪದಗಳ ತುಣುಕುಗಳನ್ನು ಉಳಿಸುತ್ತಿವೆ. ಮಾತು ನಿಧಾನವಾದಲ್ಲಿ ತುಣುಕು ಕತ್ತರಿಸಿಹೋಗುತ್ತದೆ. 'ಶ್ರೀರಾಮ ನಿರ್ಯಾಣ' ಒಂದನ್ನೇ ತೆಗೆದುಕೊಂಡು, ಒಂದೇ ತಿರುಗಾಟದ ಬೇರೆ ಬೇರೆ ರಾತ್ರಿಗಳಲ್ಲಿ ಬಾಗಿಲ ಬಳಿ ಲಕ್ಷ್ಮಣನೂ ಅನಂತರ ರಾಮನೂ ಆಡಿದ ಅರ್ಥವನ್ನು ಆದ್ಯಂತ ಮುದ್ರಿಸಿ, ಬರಹಕ್ಕಿಳಿಸಿ, ಪಕ್ಕಪಕ್ಕದಲ್ಲಿಟ್ಟು ಓದಿದರೆ ಮೇಲೆ ಹೇಳಿದ ಎರಡು ದಾರಿಗಳಲ್ಲಿ ಯಾವ ಕಲಾವಿದ ಯಾವ ಸಭೆಯೆದುರು ಯಾವುದನ್ನು ಹಿಡಿದನೆಂಬುದು ಗೊತ್ತಾಗುತ್ತದೆ. ಹರಕೆಯಾಟದ ಮನೆಯಂಗಳದಲ್ಲಿ ಆಡಿದ ಮಾತಿಗೂ ಟಿಕೆಟಿನ ಡೇರೆಯಲ್ಲಿ ಆಡಿದ ಮಾತಿಗೂ ಇರುವ ಅಂತರವನ್ನು ಅಲ್ಲಿಂದ ಗುರುತಿಸಬಹುದು. ಹಿರಿಯ ಅರ್ಥಧಾರಿಗಳು ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ; ಮೊದಲು ಅವರ ಬಳಿಗೆ ಹೋಗಬೇಕು.