ಪ್ರವಾಸಕಥನದ ಕಣ್ಣು

ಪ್ರವಾಸವು ಜ್ಞಾನವನ್ನು ಹೆಚ್ಚಿಸುವುದೆಂಬ ಮಾತನ್ನು ನಾವು ಅಧ್ಯಾಪಕರು ಪ್ರಬಂಧಪಾಠಗಳಲ್ಲಿ ಹೇಳಿ ಹೇಳಿ ಸವೆಸಿಬಿಟ್ಟಿದ್ದೇವೆ. ನಮ್ಮ ಪ್ರವಾಸಕಥನಗಳಲ್ಲಿ ಬಹುಪಾಲು ಈ ಮಾತಿನ ನೆರಳಿನಲ್ಲಿಯೇ ಹುಟ್ಟಿದವು. ಇಂತಿಷ್ಟು ಗಂಟೆಗೆ ಹೊರಟೆವು, ಇಂತಹ ದೇವಾಲಯದ ಗೋಪುರ ಇಷ್ಟು ಎತ್ತರ, ಊಟ ಚೆನ್ನಾಗಿತ್ತು. ಲೇಖಕನು ಹೋಗಿ ಬಂದುದಕ್ಕೆ ಸಾಕ್ಷಿಯುಂಟು, ನೋಡಿದುದಕ್ಕೆ ಇಲ್ಲ.

ಕನ್ನಡದ ಒಳ್ಳೆಯ ಕಥನಗಳು ಹಾಗಿಲ್ಲ. ಕೃಷ್ಣಾನಂದ ಕಾಮತರು ತಮ್ಮ ಪುಸ್ತಕಕ್ಕೆ 'ನಾನೂ ಅಮೇರಿಕೆಗೆ ಹೋಗಿದ್ದೆ' ಎಂದು ಹೆಸರಿಟ್ಟಾಗಲೇ, ಆ 'ನಾನೂ' ಎಂಬ ಒಂದು ದೀರ್ಘಾಕ್ಷರದಲ್ಲಿ, ವಿದೇಶಯಾತ್ರೆಯ ದೊಡ್ಡಸ್ತಿಕೆ ಕಳಚಿ ಬಿದ್ದಿತು. ಆದರೆ ನನ್ನನ್ನು ಹೆಚ್ಚು ಕಾಡಿರುವವರು ಗೊರೂರು ರಾಮಸ್ವಾಮಿ ಅಯ್ಯಂಗಾರರು. 'ಅಮೆರಿಕದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಹೆಸರಿನಲ್ಲಿಯೇ ಎರಡರ್ಥವಿದೆ: ಅಮೆರಿಕಕ್ಕೆ ಹೋದವರು ಗೊರೂರರೂ ಹೌದು, ಅವರೊಡನೆ ಹೇಮಾವತಿಯ ದಡದ ಗೊರೂರೂ ಹೌದು. ಇಲ್ಲಿ ಒಂದು ತೊಡಕು ಏಳುತ್ತದೆ. ಪ್ರವಾಸವೇ ದಿನದಿನದ ಬಾಳಿನ ಚೆಲುವನ್ನು ತೋರಿಸುವುದಾದರೆ, ಇವರು 'ಹಳ್ಳಿಯ ಚಿತ್ರಗಳು' ಬರೆದುದು ಅಮೆರಿಕವನ್ನು ಕಾಣುವುದಕ್ಕೆ ನಾಲ್ಕು ದಶಕಗಳಿಗೂ ಹಿಂದೆ! ಕಣ್ಣು ಮೊದಲೇ ಇತ್ತು. ಹಡಗೂ ವಿಮಾನವೂ ಕೊಟ್ಟುದಲ್ಲ. ಹಾಗಾದರೆ ಪ್ರವಾಸ ಕೊಡುವುದೇನು?

ನಮ್ಮ ಕಾಸರಗೋಡಿನ ಕಡೆಯವರಿಗೆ ಪರಿಚಿತವಾದ ಒಂದು ವಸ್ತುವಿನಿಂದ ಇದನ್ನು ನೋಡಬಹುದು. ಮುರಕಲ್ಲು ನಮಗೆ ಗೋಡೆ, ಬಾವಿಕಟ್ಟೆ, ಮೆಟ್ಟಿಲು. ಅದಕ್ಕಿಂತ ಹೆಚ್ಚೇನೂ ಅಲ್ಲ. 1800-1801ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇದನ್ನು ಮಲಬಾರಿನ ಅಂಗಾಡಿಪುರದ ಬಳಿ ನಿಂತು ನೋಡಿದನು. ನೆಲದೊಳಗಿರುವಾಗ ಮೆತ್ತಗೆ, ಕಡಿದು ಗಾಳಿಗೆ ಇಟ್ಟರೆ ಗಟ್ಟಿ. 1807ರಲ್ಲಿ ಅಚ್ಚಾದ ಅವನ ಗ್ರಂಥದಿಂದ 'ಲ್ಯಾಟರೈಟ್' ಎಂಬ ಹೆಸರು ಲೋಕಕ್ಕೆ ಬಂದಿತು. ಲ್ಯಾಟಿನ್ನಿನಲ್ಲಿ ಅದರ ಮೂಲಪದಕ್ಕೆ ಇಟ್ಟಿಗೆಯೆಂದರ್ಥ. ಪ್ರವಾಸಿಯ ಕಣ್ಣಿಗೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕೆ ಎನ್ನಬಹುದು. ಆದರೆ ಅಲ್ಲಿನ ಜನ ಅದನ್ನು ಇಟ್ಟಿಗೆಕಲ್ಲು ಎಂದೇ ಕರೆಯುತ್ತಿದ್ದರೆಂದು ಅವನೇ ಬರೆದಿದ್ದಾನೆ. ಹೋಲಿಕೆಯನ್ನು ಮೊದಲು ಕಂಡವನು ಕೊಡಲಿ ಹಿಡಿದ ಯಾವನೋ ಕಲ್ಲುಕುಟಿಗ. ಬುಕಾನನ್ ಮಾಡಿದುದು ಅನುವಾದ. ಆದರೂ ಆ ಕೀರ್ತಿಯನ್ನು ನಾನು ಕಸಿದುಕೊಳ್ಳಲಾರೆ. ಬಳಸಿ ಬಳಸಿ ಅರ್ಥ ಮಸುಕಾದ ಮಾತು ಹೊಸಬನ ಕಿವಿಗೆ ಬಿದ್ದು ಮತ್ತೆ ತಾಜಾ ಆಯಿತಷ್ಟೆ.

ಇದನ್ನು ನಾನು ಪುಸ್ತಕದಿಂದ ಕಲಿತುದಲ್ಲ, ಹೇಳಲು ನಾಚಿಕೆಯೆನಿಸುವ ಒಂದು ಸಂದರ್ಭದಿಂದ ಕಲಿತೆ. ಕೆಲವು ವರ್ಷಗಳ ಹಿಂದೆ ನಮ್ಮ ಹತ್ತನೆಯ ತರಗತಿಯವರನ್ನು ಹಂಪೆಗೆ ಕರೆದೊಯ್ದಿದ್ದೆವು. ಮರಳಿ ಬಂದ ಮೇಲೆ ಎಲ್ಲರಿಂದಲೂ ಪ್ರಬಂಧ ಬರೆಯಿಸಿದೆ. ಕಲ್ಲಿನ ರಥ, ವಿರೂಪಾಕ್ಷ, ಕಮಲಮಹಲು ಎಲ್ಲರಲ್ಲಿಯೂ ಸಾಲುಸಾಲಾಗಿ ನಿಂತಿದ್ದವು. ಒಬ್ಬ ಹುಡುಗಿ ಮಾತ್ರ ಪುಷ್ಕರಣಿಗೆ ನೀರು ತರುತ್ತಿದ್ದ ಕಲ್ಲಿನ ದೋಣಿಸಾಲಿನ ಬಳಿ ನಿಂತವಳು, ಅದು ಒಣಗಿದೆಯೆಂದು ಬರೆದು, ಮುಂದಿನ ವಾಕ್ಯದಲ್ಲಿಯೇ ತನ್ನ ಮನೆಯ ಹಿಂದಿನ ಸುರಂಗಕ್ಕೆ ಹಾರಿದ್ದಳು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಆ ಸುರಂಗದಿಂದ ಪಂಪಿಲ್ಲದೆ ತಾನಾಗಿ ಇಳಿದು ಬರುವ ನೀರು, ಅದನ್ನು ಹೊತ್ತು ತರುವ ಅಡಕೆಮರದ ದಂಬೆ, ಒಳಗೆ ನಿಂತು ತಿರುಗಿ ನೋಡಿದರೆ ಬಾಯಲ್ಲಿ ಕಾಣುವ ಬೆಳಕು 'ಒಂದು ಹಿತ್ತಾಳೆ ತಟ್ಟೆಯಷ್ಟು' ಎಂದು ಮುಕ್ಕಾಲು ಪುಟ! ನಾನು ಕೆಂಪು ಶಾಯಿಯಲ್ಲಿ 'ವಿಷಯಾಂತರ' ಎಂದು ಗೀಚಿದೆ.

ಗೊರೂರರನ್ನು ಮತ್ತೊಮ್ಮೆ ಓದುತ್ತಿದ್ದಾಗ ಆ ಕೆಂಪು ಗೀಟು ನೆನಪಿಗೆ ಬಂದಿತು. ಅಮೆರಿಕದ ಬೀದಿಯಲ್ಲಿ ನಿಂತು ಊರಿನ ಮಾತೆತ್ತುವ ಅವರ ಪುಟಗಳನ್ನು ರಸಿಕತೆಯೆಂದು ಮೆಚ್ಚಿದವನು, ಅದನ್ನೇ ಮಾಡಿದ ಮಗುವಿಗೆ ಅಂಕ ಕಡಿದಿದ್ದೆ. ಅವಳ ಬರಹದಲ್ಲಿ ಹಂಪೆ ಕಡಿಮೆಯಾಗಿರಲಿಲ್ಲ; ಒಣಗಿದ ಕಾಲುವೆಯ ದುಃಖ ಅವಳಿಗೆ ತಿಳಿದುದು ಮನೆಯ ನೀರಿನಿಂದ, ಮನೆಯ ನೀರು ಕಣ್ಣಿಗೆ ಬಿದ್ದುದು ಆ ಕಾಲುವೆಯಿಂದ. ಕಥನದ ವಿಮರ್ಶೆಯಲ್ಲಿ ನಾವು ಹುಡುಕಬೇಕಾದುದು ಈ ಎರಡು ತುದಿಗಳ ಹೊಲಿಗೆಯನ್ನು. ಅದಿಲ್ಲದ ಪುಸ್ತಕ ಎಷ್ಟೇ ದೂರದ ದೇಶದ್ದಾದರೂ ರೈಲ್ವೆಯ ವೇಳಾಪಟ್ಟಿಯೇ.

ಈಗ ಪ್ರವಾಸ ಮುಗಿದು ಒಂದು ವಾರವಾದ ಬಳಿಕ 'ಮನೆಗೆ ಬಂದ ಮೇಲೆ ಕಂಡುದು' ಎಂಬ ವಿಷಯ ಕೊಡುತ್ತೇನೆ. ಮಕ್ಕಳು ಮೊದಲು ತಬ್ಬಿಬ್ಬಾಗುತ್ತಾರೆ, ಆಮೇಲೆ ಬರೆಯುತ್ತಾರೆ. ಆ ಹುಡುಗಿಯ ಪುಸ್ತಕ ನನ್ನಲ್ಲಿಲ್ಲ, ಅವಳು ಶಾಲೆ ಬಿಟ್ಟು ಬಹುಕಾಲವಾಯಿತು. ನಾನು ಕೊಟ್ಟ ಅಂಕ ಮಾತ್ರ ಹಳೆಯ ದಾಖಲೆಯಲ್ಲಿದೆ: ಹತ್ತಕ್ಕೆ ಐದು.